ದೊಡ್ಡದಕ್ಕೆ ಮಾತ್ರ

ಬಂದರಿನ ಗುಜರಿ ಓಣಿ. ಮೊಯ್ದಿನಬ್ಬ
ಎರಡು ಯಂತ್ರ ತಂದಿಟ್ಟ ಮುಂದೆ.
"ಇದು ಬಸಳೆ ತಟ್ಟೆಯಷ್ಟು. ಪಾವಲಿ, ಮೂಗುತಿ,
ಸೋಡಾ ಮುಚ್ಚಳ, ಎಲ್ಲದಕ್ಕೂ ಕೂಗುತ್ತದೆ,
ಮೊಳದ ಕೆಳಗೆ ಕಿವುಡು.
ಇದು ನೋಡಿ, ಕಿಟಕಿ ದಾರಂದದಷ್ಟು,
ಇಬ್ಬರು ಹೊರಬೇಕು.
ಆಳುದ್ದ ಕೆಳಗಿದ್ದರೂ ಹೇಳುತ್ತದೆ."

ಉಪ್ಪುನೀರಿಗೆ?

"ಉಪ್ಪಿಗೂ ಆದೀತು, ಕರಿಮರಳಿಗೂ.
ಮುರಕಲ್ಲಿನ ಊರು ಮಾರಾಯ್ರೆ, ನೆಲವೇ ಅರ್ಧ ಕಬ್ಬಿಣ.
ಸಾಧಾರಣದ್ದು ನಿಮ್ಮ ಅಂಗಳದಲ್ಲೇ
ಹುಚ್ಚು ಹಿಡಿದು ಕಿರುಚೀತು."

ನನಗೆ ಬೇಕಾದದ್ದು ಆರು ಸಿಲಿಂಡರಿನ ಎಂಜಿನು.
ಬೆಂಗ್ರೆಯ ಅಳಿವೆಯಲ್ಲಿ ಬೋಟು ಮಗುಚಿ ಒಂಬತ್ತು ವರ್ಷ;
ಹೊಳೆ ಬಾಯಿ ಸರಿಸಿತು, ಮರಳು ಬಂದು ಮಲಗಿತು,
ಈಗ ಅದರ ಮೇಲೆ ಹುಡುಗರ ವಾಲಿಬಾಲ್.

ಅತ್ತಿಗೆ ಲೋಲಾಕ್ಷಿ ಮೀನು ಮಾರಿ ಮುಗಿಸಿ ಬಂದವಳು,
ಬುಟ್ಟಿ ಹೊರಗಿಟ್ಟು ನಿಂತೇ ಇದ್ದಳು.
ಅಷ್ಟು ಹೊತ್ತಿಗೆ ಒಂದೇ ಮಾತು:
"ಇದಕ್ಕೆ ಉಡಿದಾರ ಕೇಳುತ್ತದಾ?
ಬೆಳ್ಳಿಯದ್ದು. ಸಪೂರ."

ಮೊಯ್ದಿನಬ್ಬ ಬಾಡಿಗೆ ಪುಸ್ತಕದ ಹಾಳೆ
ಸುಮ್ಮನೆ ಹಿಂದೆ ಮುಂದೆ ಮಗುಚಿದ.
"ಇಲ್ಲಮ್ಮ. ಸಣ್ಣದನ್ನೆಲ್ಲ ಬಿಟ್ಟುಬಿಡುತ್ತದೆ.
ಬಿಟ್ಟರೇ ಅಲ್ಲವಾ ದೊಡ್ಡದು ಸಿಗುವುದು."

ದೊಡ್ಡದನ್ನೇ ತೆಗೆದುಕೊಂಡೆವು, ದಿನಕ್ಕೆ ಎಂಟುನೂರು.
ಫೆರಿಯಲ್ಲಿ ಒಂದು ತುದಿ ನನ್ನ ಹೆಗಲಿಗೆ,
ಇನ್ನೊಂದು ಅವಳದಕ್ಕೆ,
ನಡುವಿನ ಖಾಲಿ ಚೌಕದಲ್ಲಿ ಹೊಳೆ, ಹೊಳೆಯಾಚೆ ಮರಳು.

ದಡ ಹತ್ತಿದ್ದೇ ಅವಳು ಕಿವಿಯ ಬೆಂಡೋಲೆ ಬಿಚ್ಚಿ
ಸೆರಗಿನ ತುದಿಗೆ ಕಟ್ಟಿ
ನನ್ನ ಚಪ್ಪಲಿಯ ಹತ್ತಿರ ದೂರ ಇಟ್ಟುಬರಲು ಹೊರಟಳು.
ಬೇಡ ಅತ್ತಿಗೆ, ಅಷ್ಟು ಸಣ್ಣದು ಇದಕ್ಕೆ ಕೇಳಿಸದು,
ಹೇಳಿದನಲ್ಲ.

"ಒಂದು ವೇಳೆ ಕೇಳಿದರೆ?" ಅಂದಳು.