ಬಲಕ್ಕೆ ಬಿಟ್ಟ ಜಾಗ

ಸ್ಟುಡಿಯೋ ಮುಚ್ಚುವ ದಿನ ದಸ್ತಗೀರ ಮಾಮಾ
ಪರದೆ ಇಳಿಸಿ ಮಡಿಸಿದ. ಅದರ ಮೇಲಿನ ಸರೋವರ,
ಎರಡು ಹಂಸ, ಮಡಿಕೆಯೊಳಗೆ ಮುಳುಗಿದವು.
ಕ್ಯಾಮೆರಾ ನನ್ನ ಕೈಗಿಟ್ಟು, ‘ತಗೋ ಜಗದೇವಿ,
ರೊಕ್ಕ ಇದ್ದಾಗ ಕೊಡು, ಇಲ್ಲಂದ್ರ ಬಿಡು’ ಎಂದ.
ನಾಲ್ಕು ಕಂತಿನಲ್ಲಿ ಕೊಟ್ಟೆ.

ಶಹಾಬಾದಿನಲ್ಲಿ ತೆಗೆಯಲು ಏನಿದೆ?
ಕಲ್ಲು ಇದೆ. ಕಲ್ಲಿನ ಪುಡಿ ಇದೆ.
ಗರಗಸದ ಕೆಳಗೆ ಪರ್ಸಿಗಳು ನೀರು ಕುಡಿದು
ಹಾಲಿನಂಥ ಕೆಸರು ಉಗುಳುತ್ತವೆ.
ಪಕ್ಕದ ಕೋಣೆಯಲ್ಲಿ ನಾನು ಬಿಲ್ಲು ಬರೆಯುತ್ತೇನೆ:
ಇಷ್ಟು ಚದರ ಅಡಿ, ಇಷ್ಟು ಪಾಲಿಶ್, ಇಷ್ಟು ಒಡೆದದ್ದು.
ಊಟದ ಹೊತ್ತಿಗೆ ಮಶಿನ್ ನಿಲ್ಲುತ್ತದೆ.
ಆಗ ಹೊರಗೆ ಬಂದು ತೆಗೆಯುತ್ತೇನೆ.

ಸಿಟ್ಟು ಬಂದ ದಿನ ತೆಗೆದದ್ದು
ಸೀಳಿದ ಕಲ್ಲಿನ ಅಂಚು.
ನಾದಿನಿಯ ಮದುವೆಯಲ್ಲಿ ಯಾರೂ ಮಾತಾಡಿಸದ ದಿನ
ಪಂಕ್ತಿ ಎದ್ದುಹೋದ ಮೇಲಿನ ಚಾಪೆ.
ಯಾಕೆಂದು ತಿಳಿಯದೆ ಅತ್ತ ಒಂದು ಸಂಜೆ
ವಾಡಿ ಕಡೆ ಹೊರಟ ಗೂಡ್ಸ್ ಗಾಡಿ, ಅದರ ಕೊನೆಯ ಡಬ್ಬಿ,
ಯಾರೂ ನಿಂತಿರದ ಮೆಟ್ಟಿಲು.
ಖುಷಿಯ ದಿನ ಯಾಕೋ ಕ್ಯಾಮೆರಾ ನೆನಪಾಗುವುದಿಲ್ಲ.

ಮಳೆಗಾಲ ಮುಗಿದು ಕಾಗಿಣಾ ಇಳಿದ ಮೇಲೆ
ಅರವತ್ತು ಫೋಟೋ ಕಲಬುರಗಿಯಲ್ಲಿ ಪ್ರಿಂಟ್ ಹಾಕಿಸಿ
ಮಾಮಾನ ಅಂಗಳದಲ್ಲಿ ಹರಡಿದೆ,
ಗಾಳಿಗೆ ಹಾರದಂತೆ ಒಂದೊಂದಕ್ಕೂ ಒಂದು ಕಲ್ಲಿನ ಚೂರು.
ಕನ್ನಡಕ ಹಣೆಗೇರಿಸಿ ಆತ ಸುತ್ತು ಹಾಕಿದ,
ಗಿರಾಕಿಯ ಗದ್ದ ಅಳೆಯುವ ಹಾಗೆ ತಲೆ ಓರೆ ಮಾಡಿ.
‘ಬೆಳಕು ಚೊಲೊ ಹಿಡದೀ. ಆದ್ರ ಎಲ್ಲಾದ್ರಾಗೂ
ಬಲಕ್ಕ ಯಾಕ ಇಷ್ಟು ಜಾಗ ಬಿಟ್ಟೀ?
ಯಾರರೆ ಬರೋರು ಇದ್ರೇನು?’

ನೋಡಿದೆ.
ಕಲ್ಲಿನ ಅಂಚು ಎಡಕ್ಕೆ. ಚಾಪೆ ಎಡಕ್ಕೆ.
ಗಾಡಿ ಎಡಕ್ಕೇ ಹೋಗಿಬಿಡುತ್ತಿದೆ.
ಬಲಕ್ಕೆ ಬಯಲು, ಇಲ್ಲವೇ ಗೋಡೆ, ಇಲ್ಲವೇ ಬರೀ ಬಿಸಿಲು.
ಅರವತ್ತರಲ್ಲೂ.

ಐದನೇ ವಯಸ್ಸಿಗೆ ಕೆಪ್ಪಟಿ ಬಂದು ಗದ್ದ ಊದಿತ್ತು.
ಬಾವು ಹೋಗುವಾಗ ಬಲಗಿವಿಯನ್ನೂ ಕರೆದುಕೊಂಡು ಹೋಯಿತು.
ಅಂದಿನಿಂದ ಜಗತ್ತನ್ನು ಎಡಕ್ಕೆ ಕೂರಿಸಿಕೊಂಡೆ,
ಶಾಲೆಯ ಬೆಂಚಿನಲ್ಲಿ, ಟಂಟಂನಲ್ಲಿ.
ನೋಡಲು ಬಂದ ಗಂಡಿನೆದುರು ಕತ್ತು ತುಸು ಹೊರಳಿದ್ದನ್ನು
ನಾಚಿಕೆ ಎಂದರು. ಕೊಬ್ಬು ಎಂದವರೂ ಇದ್ದರು.
ತಿದ್ದಲಿಲ್ಲ.

ಹಾಗಾದರೆ ಭಯವೇ, ಈ ಖಾಲಿ?
ಕೂಗಿದರೂ ತಿಳಿಯದ ಕಡೆಯಿಂದ ಯಾರೂ ಬರದಿರಲೆಂದು
ಗುಡಿಸಿ ಇಟ್ಟುಕೊಂಡದ್ದೇ?
ಹೌದೆಂದುಕೊಂಡೇ ಮನೆಗೆ ಬಂದೆ. ರೊಟ್ಟಿ ಬಡಿದೆ.
ಕೊನೆಯ ರೊಟ್ಟಿ ಹೆಂಚಿನ ಮೇಲೆ ಉಬ್ಬಿ, ಅಂಚು ಒಡೆದು,
ಉಗಿ ಬಲಗೆನ್ನೆಗೆ ತಾಗಿತು ನೋಡಿ,

ಅವ್ವ.

ಅವ್ವ ಮಲಗುತ್ತಿದ್ದುದು ನನ್ನ ಬೆನ್ನಿಗೆ.
ದೀಪ ಆರಿ, ಎಲ್ಲರ ಉಸಿರು ಭಾರವಾದ ಮೇಲೆ
ಕೇಳದ ಈ ಕಿವಿಗೆ ಬಾಯಿ ಹಚ್ಚಿ
ಎಷ್ಟೋ ಹೊತ್ತು ಮಾತಾಡುತ್ತಿದ್ದಳು.
ನನಗೆ ಸಿಕ್ಕಿದ್ದು ಬಿಸಿ, ಎಲೆಯಡಿಕೆ ವಾಸನೆ,
ನಡುನಡುವೆ ಒಂದಿಷ್ಟು ತೇವ.
ಕೇಳುವ ಕಿವಿ ದಿಂಬಿನಡಿ ಇತ್ತು. ಹೊರಳಬಹುದಿತ್ತು.
ಹೊರಳಿದರೆ ಮಾತು ನಿಲ್ಲುತ್ತಿತ್ತು,
ಅದಕ್ಕೇ ಉಸಿರನ್ನು ಉದ್ದ ಎಳೆದು
ನಿದ್ದೆಯ ಹಾಗೆ ಬಿಡುತ್ತಿದ್ದೆ.
ಯಾರಿಗೂ ಹೇಳಲಾಗದ್ದನ್ನು ಇಟ್ಟುಹೋಗಲು
ಆಕೆಗೆ ಮನೆಯಲ್ಲಿ ಇದ್ದ ಜಾಗ ಅದೊಂದೇ.

ಇವತ್ತು ಕ್ಯಾಮೆರಾವನ್ನು ಬೋರಲು ಹಾಕಿದ ಬುಟ್ಟಿಯ ಮೇಲಿಟ್ಟು
ಹತ್ತು ಸೆಕೆಂಡಿನ ಗುಂಡಿ ಒತ್ತಿ, ಓಡಿ ಬಂದು ಕುಳಿತೆ,
ಬಲಗಿವಿ ಲೆನ್ಸಿನ ಕಡೆಗೆ.
ಕ್ಲಿಕ್ಕೆಂದದ್ದು ತಲೆಯ ಸುತ್ತು ಹಾಕಿ ಎಡಕ್ಕೆ ಬಂದು ಮುಟ್ಟಿತು.
ಚಿತ್ರದಲ್ಲಿ ಒಂದು ಕಿವಿ. ಬೆಂಡೋಲೆ.
ಅದರ ಹಿಂದೆ, ತೊಳೆದರೂ ಹೋಗದ ಕಲ್ಲಿನ ಪುಡಿ.
ಎಲ್ಲವೂ ಎಡಕ್ಕೆ ಸರಿದು ಕೂತಿವೆ,
ಬಲಕ್ಕೆ ಮತ್ತೆ ಅಷ್ಟೇ ಜಾಗ.

ಮಾಮಾ ನೋಡಿದರೆ ಯಾಕೆಂದು ಕೇಳುತ್ತಾನೆ.
ಕೇಳಲಿ.