ನಾಲ್ಕು ಡಿಗ್ರಿ ಕಮ್ಮಿ

ನಮ್ಮ ಕಸುಬಲ್ಲಿ ಮುಚ್ಚಳ ಬಿಚ್ಚಿದ ಕೂಡಲೇ
ಆಡುವ ಮಾತೊಂದಿದೆ:
"ಹಿಂದೆ ಯಾರ್ರೀ ಮಾಡಿದ್ದು ಇದನ್ನ?"
ಅವತ್ತೂ ಆಡಿದೆ,
ಹೆಸರಲ್ಲೇ ಬಾವಿಯಿದ್ದೂ ಟ್ಯಾಂಕರಿಗೆ ಕಾಯುವ
ನಾಗರಬಾವಿಯ ಮೂರನೇ ಮಹಡಿಯಲ್ಲಿ.

ಡೆಲ್ಫಿನ್ ಮೇಡಂ ಅವರ ಫಿಸಿಯೋಥೆರಪಿ.
ಬಿಸಿನೀರಿನ ತೊಟ್ಟಿ, ಸಾವಿರ ಲೀಟರು,
ಸದಾಶಿವನಗರದ ಯಾವುದೋ ಮನೆಯಿಂದ
ಸೆಕೆಂಡ್ ಹ್ಯಾಂಡಲ್ಲಿ ಕೊಂಡದ್ದು.
ಮಂಡಿಗಳಿಗೆ ಮೂವತ್ತೆಂಟು ಬೇಕು.
ಮೂವತ್ತನಾಲ್ಕಕ್ಕೆ ಬಂದು
ಮುನಿಸಿಕೊಂಡ ಅಳಿಯನ ಹಾಗೆ
ಹೊಸ್ತಿಲಲ್ಲೇ ನಿಲ್ಲುತ್ತದೆ ನೀರು.

ಒಳಗೆ ಆಗಲೇ ಒಬ್ಬರು ಕೂತಿದ್ದರು,
ಮುನಿಯಲ್ಲಪ್ಪ, ಇಪ್ಪತ್ತೆಂಟು ವರ್ಷ ಬಿಎಂಟಿಸಿ,
ಕ್ಲಚ್ಚು ತುಳಿದೂ ತುಳಿದೂ ಸವೆದ ಎಡಮಂಡಿ.
"ಎದ್ದೇಳಿ ಸಾರ್, ಕರೆಂಟಿನ ಕೆಲಸ" ಅಂದೆ.
ಎದ್ದರು. ಒಂದೊಂದು ಮೆಟ್ಟಿಲಿಗೆ ಒಂದೊಂದು ದೇವರ ಹೆಸರು.
ಪ್ಲಾಸ್ಟಿಕ್ ಕುರ್ಚಿಯಲ್ಲಿ ಟವೆಲು ಹೊದ್ದು
ನನ್ನ ಕೈಯನ್ನೇ ನೋಡುತ್ತ ಕೂತರು,
ಡಿಪೋದಲ್ಲಿ ಮೆಕ್ಯಾನಿಕ್ಕನ್ನು ನೋಡುವ ಹಾಗೆ,
ನಂಬದೆ.

ಫಿಲ್ಟರು ತೆಗೆದೆ: ಕೂದಲು, ಎಣ್ಣೆಜಿಡ್ಡು,
ಯಾರದೋ ಬ್ಯಾಂಡೇಜಿನ ಚೂರು. ತೊಳೆದೆ.
ಹೀಟರು ಬಿಚ್ಚಿದೆ: ಕಾಯಿಲಿನ ಮೈಗೆಲ್ಲ
ಬೆರಳುದ್ದದ ಬಿಳಿ ಹಕ್ಕಳೆ,
ಈ ಊರಿನ ಬೋರ್‌ವೆಲ್ಲುಗಳೆಲ್ಲ ಸೇರಿ
ಹಾಕಿದ ಸಹಿ.
ನಿಂಬೆಹುಳಿ ಪುಡಿಯಲ್ಲಿ ನೆನೆಹಾಕಿದೆ.
ಚುರುಚುರು ನೊರೆ. ಅಷ್ಟರಲ್ಲಿ ಒಂದು ಲೋಟ ಚಾ.
ಮೀಟರಿಟ್ಟರೆ ಹದಿನೇಳೂವರೆ ಓಮ್, ಕಾಯಿಲು ಗಟ್ಟಿ.
ವೋಲ್ಟೇಜು ಇನ್ನೂರಹದಿನೈದು,
ಸಂಜೆ ಆರಕ್ಕೆ ಇಷ್ಟಾದರೂ ಇದೆಯಲ್ಲ.

ಮತ್ತೆ ಜೋಡಿಸಿ, ಕಾದು ನೋಡಿದೆ. ಮೂವತ್ತನಾಲ್ಕೂವರೆ.
ಅಷ್ಟೇ.

"ಹೊಸ ಹೀಟರೇ ಹಾಕಿಸಬೇಕಾ?"
ಮೇಡಂ ದನಿಯಲ್ಲಿ ಲೋನಿನ ಕಂತು ಕೇಳಿಸಿತು.
ಹೂಂ ಅನ್ನಬಹುದಿತ್ತು. ಅಂಗಡಿಯಲ್ಲಿ ಒಂದು ಪೀಸು ಕೂತಿದೆ.
ಬಾಯಿ ತೆರೆದೂ ಇದ್ದೆ.

"ಸ್ವಲ್ಪ ಸುಮ್ನಿರಪ್ಪ" ಅಂದರು ಮುನಿಯಲ್ಲಪ್ಪ.
ಕಣ್ಣು ಮುಚ್ಚಿದ್ದರು.
"ಟಕ್ ಅಂತು, ಕೇಳ್ತಾ?
ಮೂರು ನಿಮಿಷ ಉರಿಯುತ್ತೆ, ಹತ್ತು ನಿಮಿಷ ಮಲಗುತ್ತೆ.
ಗಾಡೀಲಿ ಪಿಕಪ್ ಇಲ್ಲ ಅಂತಲ್ಲ ಇದು.
ಸ್ಟಾಪು ಬರೋ ಮೊದಲೇ ಯಾವನೋ
ಸೀಟಿ ಊದ್ತಾ ಅವ್ನೆ."

ಸೀಟಿ. ಅಂದರೆ ಸೆನ್ಸರು.
ಟಾರ್ಚು ಹಲ್ಲಲ್ಲಿ ಕಚ್ಚಿ ಪಂಪಿನ ಹಿಂದೆ ತೆವಳಿ
ತಂತಿಯ ಗುಂಟ ಬೆರಳು ಓಡಿಸಿದೆ.
ನೀರಿನ ಪೈಪಿನೊಳಗೆ, ಗೂಡಲ್ಲಿ ಇರಬೇಕಾದ್ದು
ಹೊರಗೆ ಹೀಟರಿನ ಮೈಗೆ ಅಂಟಿ ಕೂತಿತ್ತು.
ಪಾಪ, ಸುಳ್ಳು ಹೇಳುತ್ತಿರಲಿಲ್ಲ ಅದು.
ಕೂತಲ್ಲಿ ಸುಡುತ್ತಿತ್ತು, ಸಾಕು ಅಂತಿತ್ತು.
ನೀರಿನ ಚಳಿ ಅದಕ್ಕೆಲ್ಲಿ ಗೊತ್ತು.

ಅಲ್ಲಿಗೆ ಅದನ್ನು ಕಟ್ಟಿದ್ದ ಟೇಪು ಕೆಂಪು.
ಎರಡು ಸುತ್ತು, ತುದಿಯಲ್ಲೊಂದು ಸಣ್ಣ ಮಡಿಕೆ,
ಬಿಚ್ಚುವವನ ಉಗುರಿಗೆ ಸಿಗಲಿ ಅಂತ.
ಇಡೀ ಕಾಮಾಕ್ಷಿಪಾಳ್ಯದಲ್ಲಿ ಆ ಮಡಿಕೆ ಇಡುವವನು
ಒಬ್ಬನೇ.

ಸದಾಶಿವನಗರ. ತಾರಸಿ. ಕೆಳಗೆ ಮದುವೆಯ ಚಪ್ಪರ,
ಬೇಗ ಬೇಗ ಅನ್ನುತ್ತಿದ್ದ ಮ್ಯಾನೇಜರು.
ಪಂಪು ಬದಲಿಸಿ, ಸೆನ್ಸರಿಗೆ ಗೂಡು ಸಿಗದೆ,
ಸದ್ಯಕ್ಕೆ ಇಲ್ಲಿರಲಿ, ನಾಳೆ ಬಂದು
ಅಂತ ಕಟ್ಟಿದ್ದೆ.
ಎಷ್ಟು ವರ್ಷದ ನಾಳೆ ಅದು!

"ಯಾವನಯ್ಯಾ ಕಟ್ಟಿದ್ದು?" ಕುರ್ಚಿಯಿಂದ ಕೇಳಿಬಂತು.
ಪಂಪು ಹಾಕಿ, ಆ ಸದ್ದಿನೊಳಕ್ಕೆ,
"ನಾನೇ" ಅಂದೆ.
ಕೇಳಿಸಿತೋ ಇಲ್ಲವೋ.
ತುಸು ಹೊತ್ತು ಬಿಟ್ಟು ಅವರು, ತಮ್ಮಷ್ಟಕ್ಕೆ:
"ಡೀಸೆಲ್ ಟ್ಯಾಂಕಿನ ಮುಚ್ಚಳ ಮರೆತು ಒಂದ್ಸಲ
ಕೆಂಗೇರಿ ತನಕ ಹೋಗಿದ್ದೆ ನಾನು."

ಸಾವಿರ ಲೀಟರಿಗೆ ಒಂದು ಡಿಗ್ರಿ ಅಂದರೆ ಅರ್ಧ ಗಂಟೆ.
ಬಿಲ್ಲಲ್ಲಿ ಫಿಲ್ಟರು ಬರೆದೆ, ಹುಳಿಪುಡಿ ಬರೆದೆ,
ಸೆನ್ಸರಿನ ಸಾಲಿಗೆ ಒಂದು ಗೀಟು.
ಮೇಡಂ ಯಾಕೆ ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಕಿಟಕಿಯಾಚೆ ರಿಂಗ್ ರೋಡಿನ ಹಾರನ್ನು.
ಮೂವತ್ತೈದೂವರೆ. ಮೂವತ್ತಾರು.

ಮೂವತ್ತೇಳಕ್ಕೇ ಇಳಿದುಬಿಟ್ಟರು ಮುನಿಯಲ್ಲಪ್ಪ,
ತಡೆಯಲಾರದೆ, ಎಡಗಾಲು ಮೊದಲು,
ಈ ಸಲ ಯಾವ ದೇವರನ್ನೂ ಕರೆಯದೆ.