ಮೊಳೆಗೆ ಅನುಮತಿ

ಹಡರ್ಸ್‌ಫೀಲ್ಡಿನ ಈ ಏರು ಬೀದಿಯಲ್ಲಿ
ಮಸಿ ಹಿಡಿದ ಕಲ್ಲಿನ ಸಾಲುಮನೆಗಳು
ಒಂದರ ಹೆಗಲಿಗೊಂದು ಆತು ನಿಂತಿವೆ.
ಸಾಲು, ಕೊಂಬು ಕಳಚಿದರೆ ಸಾಲ.
ಹದಿನೇಳನೆಯದು ನನ್ನದು.
ನನ್ನದು ಅಂದೆನಲ್ಲ,
ಸ್ವಲ್ಪ ತಡೆಯಿರಿ.

ಅಬರ್ಡೀನಿನ ಆಸ್ಪತ್ರೆಯಿಂದ ಕಾಗದ ಬಂತು:
ಎಕ್ಸ್‌ರೇ ವಿಭಾಗಕ್ಕೆ ಮುಖ್ಯಸ್ಥೆ, ಎರಡು ವರ್ಷದ ಮಟ್ಟಿಗೆ.
ಮನೆ ಮಾರಲು ಮನಸ್ಸಿಲ್ಲ, ಖಾಲಿ ಬಿಡಲು ತಾಕತ್ತಿಲ್ಲ.
ಬಾಡಿಗೆಗೆ ಕೊಟ್ಟರಾಯಿತು ಎಂದುಕೊಂಡೆ,
ಪಕ್ಕದವರಿಗೆ ಕೊಡೆ ಎರವಲು ಕೊಟ್ಟ ಹಾಗೆ.

ಸಾಲದ ದಲ್ಲಾಳಿ ಮಿಸ್ ಹೋಲ್ರಾಯ್ಡ್
ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದು ಹೇಳಿದಳು:
ನೀವು ಪಡೆದ ಸಾಲ ನೀವು ವಾಸಿಸುವ ಮನೆಯ ಮೇಲೆ.
ಬೇರೆಯವರು ವಾಸಿಸಿದರೆ ಅದು ಬೇರೆ ಮನೆ.

ಅದೇ ಕಲ್ಲು, ಅದೇ ಕಪ್ಪು ಹಂಚು, ಅದೇ ಸೋರುವ ನಲ್ಲಿ?
ಅದೇ. ಆದರೂ ಬೇರೆ.

ಬ್ಯಾಂಕನ್ನು ಕೇಳಬಹುದು, ಒಪ್ಪಿದರೂ ಒಪ್ಪೀತು,
ಇಂತಿಷ್ಟು ತಿಂಗಳೆಂದು ಗೆರೆ ಎಳೆದು, ಬಡ್ಡಿಗೆ ಅರ್ಧ ಸೇರಿಸಿ.
ಇಲ್ಲವೇ ಈ ಸಾಲ ಮುಚ್ಚಿ
ಬಾಡಿಗೆಮನೆಯ ಸಾಲವನ್ನೇ ತೆಗೆಯಬಹುದು.
ಅಲ್ಲಿ ತಿಂಗಳು ತಿಂಗಳು ಬಡ್ಡಿಯಷ್ಟೇ ಕಟ್ಟಿದರೆ ಸಾಕು.
ಅಸಲು? ಅಂದೆ.
ಅಸಲು ಎಲ್ಲಿಗೆ ಹೋಗುತ್ತೆ,
ಇಪ್ಪತ್ತು ವರ್ಷ ಕಳೆದ ಮೇಲೂ ಇದ್ದಲ್ಲೇ ಇರುತ್ತೆ.

ಯಾರಿಗೂ ಹೇಳದೆ ಕೊಟ್ಟುಬಿಟ್ಟರೆ?

ಅವಳು ಕಪ್ಪಿನ ತಳ ನೋಡಿದಳು.
ಬಿಸ್ಕತ್ತು ಮುರಿದು ಬಿದ್ದಿತ್ತು.

ಅಡಮಾನ. ಈ ಮಾತನ್ನು ಆ ರಾತ್ರಿ
ಫಿಲ್ಮಿನಂತೆ ದೀಪಕ್ಕೆ ಹಿಡಿದು ನೋಡಿದೆ.
ಒಳಗೆ ಮಾನ ಕಾಣಿಸಿತು, ಪೂರ್ತಿ,
ಎಲ್ಲೂ ಬಿರುಕಿಲ್ಲ,
ಬಾಗಿಲ ಮುಂದೆ ಮಾತ್ರ ಯಾರೋ ಅಡ್ಡ ಕೂತಿದ್ದರು.

ಮನೆ ಕಟ್ಟಿ ನೋಡು ಎಂದ ಹಿರಿಯರು
ಫೋನಿನಲ್ಲಿ ನಲವತ್ತು ನಿಮಿಷ ಪಿಯಾನೋ ಕೇಳುತ್ತಾ
ಕಾದು ನೋಡು ಎನ್ನಲಿಲ್ಲ.
ಕೊನೆಗೊಂದು ಅರ್ಜಿ. ಯಾಕೆ ಹೋಗುತ್ತೀರಿ,
ಎಲ್ಲಿ ಇರುತ್ತೀರಿ, ಯಾವಾಗ ಮರಳುತ್ತೀರಿ?
ಇಷ್ಟು ಕಾಳಜಿಯಿಂದ
ನನ್ನನ್ನು ಯಾರೂ ಕೇಳಿ ಬಹಳ ದಿನವಾಗಿತ್ತು.

ಒಪ್ಪಿಗೆ ಬಂತು. ಎರಡು ವರ್ಷ, ಒಂದು ದಿನ ಹೆಚ್ಚಿಲ್ಲ.
ಗ್ಯಾಸಿನ ಪ್ರಮಾಣಪತ್ರ, ಹೊಗೆ ಕಂಡರೆ ಕಿರುಚುವ ಡಬ್ಬಿ,
ಎಲ್ಲ ಮುಗಿಸಿ ಬೀಗದ ಕೈ ಕೊಟ್ಟೆ,
ಡೆಲ್ರಾಯ್ ಪಿನ್ನಕ್‌ಗೆ. ಬಸ್ಸು ಓಡಿಸುವವನು,
ಒಬ್ಬಳೇ ಮಗಳು, ಯಾವಾಗಲೂ ಒದ್ದೆ ಕೂದಲು.

ಇಲ್ಲಿ ಅಬರ್ಡೀನಿನಲ್ಲಿ ಈಗ ನಾನೂ ಬಾಡಿಗೆದಾರಳು.
ಕರಾರಿನ ಹತ್ತೊಂಬತ್ತನೆಯ ಕಲಮು: ಗೋಡೆಗೆ ಮೊಳೆ ಕೂಡದು.
ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ದಿನ
ಕೊನೆಯದಾಗಿ ಅದರಲ್ಲಿ ನಾನು ತೆಗೆದದ್ದು
ಒಂದು ಶಂಖದ ಎಕ್ಸ್‌ರೇ.
ಕೋಣೆಯೊಳಗೆ ಕೋಣೆ, ಸುತ್ತಿ ಸುತ್ತಿ ಮೇಲಕ್ಕೆ,
ಒಳಗೆ ಯಾರೂ ಇಲ್ಲ.
ಚೌಕಟ್ಟು ಹಾಕಿಸಿದ್ದೇನೆ.
ನೆಲದ ಮೇಲೆ, ಗೋಡೆಗೆ ಒರಗಿಸಿ ಇಟ್ಟಿದ್ದೇನೆ.

ಭಾನುವಾರ ಡೆಲ್ರಾಯ್ ಫೋನು.
ಮೇಡಂ, ಮುಂಗೋಣೆಯ ಗೋಡೆಗೆ ಒಂದು ಮೊಳೆ ಹೊಡೆಯಲೇ?
ಒಂದೇ. ಮಗಳ ಈಜಿನ ಪದಕ.

ಬ್ಯಾಂಕನ್ನು ಕೇಳಿ ಹೇಳುತ್ತೇನೆ,
ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.
ಆರು ವರ್ಷ ಆ ಮನೆಯಲ್ಲಿ ಬಾಳಿದೆ.
ಗೋಡೆಗೆ ತೂತಾದರೆ ಬೆಲೆ ಇಳಿದೀತೆಂದು
ಒಂದು ಕ್ಯಾಲೆಂಡರೂ ತೂಗುಹಾಕಿರಲಿಲ್ಲ.

ಹೊಡಿ, ಅಂದೆ. ಈಗಲೇ ಹೊಡಿ, ನಾನು ಕೇಳುತ್ತೇನೆ.

ಫೋನು ಕೆಳಗಿಟ್ಟ ಸದ್ದು. ಹುಡುಗಿಯ ನಗು.
ಒಂದು ಏಟು. ಇನ್ನೊಂದು.
ಮೂರನೆಯದು ಗಾರೆ ದಾಟಿ ಕಲ್ಲಿಗೆ ತಾಗಿ
ದನಿ ಬದಲಾಯಿತು.
ಪಕ್ಕದ ಮನೆಯವರು ಆ ಕಡೆಯಿಂದ ಗೋಡೆ ಗುದ್ದಿದರಂತೆ.

ಶಂಖ ಇನ್ನೂ ನೆಲದ ಮೇಲೇ ಇದೆ.
ಶನಿವಾರ ಅದನ್ನು ಸರಿಸಿ ನೆಲ ಒರೆಸುತ್ತೇನೆ,
ಆರಿದ ಮೇಲೆ ಮತ್ತೆ ಅಲ್ಲೇ ಇಡುತ್ತೇನೆ.